ಕ್ಯಾಂಪಸ್ ಮಗ್ಗುಲಿನ ಹಂಚಿನ ಮನೆ: ಕೆಡವದೆ ಬಾಳಿಸುವುದು ಹೇಗೆ?

ಧಾರವಾಡದ ಸಪ್ತಾಪುರ, ಮಾಳಮಡ್ಡಿ, ಸಾಧನಕೇರಿ ಕಡೆ ಹೋದರೆ ಇನ್ನೂ ಒಂದಿಷ್ಟು ಹಂಚಿನ ಮನೆಗಳು ಕಾಣುತ್ತವೆ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಹಿಂದೆ ಹಿತ್ತಲು. ಹಿತ್ತಲಲ್ಲಿ ಬಾವಿ, ಮಾವಿನ ಗಿಡ. ಕರ್ನಾಟಕ ಕಾಲೇಜು ಶುರುವಾಗಿದ್ದು 1917ರಲ್ಲಿ. ಮುಂಬೈಯಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಇಲ್ಲಿಗೆ ಬಂದದ್ದು 1950ರಲ್ಲಿ. ಅವತ್ತಿನಿಂದ ಇವತ್ತಿನವರೆಗೂ ಈ ಓಣಿಗಳು ಓದುವ ಹುಡುಗರಿಗೆ ಖೋಲಿ ಕೊಡುತ್ತಾ ಬಂದಿವೆ.

ಈಗ ಸಪ್ತಾಪುರದ ಸುತ್ತ ಕೋಚಿಂಗ್ ಸೆಂಟರ್, ಪಿಜಿ, ಓದುವ ಕೋಣೆಗಳು ಸಾಲುಗಟ್ಟಿವೆ. ಹಂಚಿನ ಮನೆ ಇದ್ದವರಿಗೆ ಬರುವ ಸಲಹೆ ಒಂದೇ: ‘ಕೆಡವ್ರಿ, ಮೂರ ಅಂತಸ್ತ ಎತ್ತಿಸ್ರಿ, ಪಿಜಿ ಮಾಡ್ರಿ.’ ನಾನು ಹೇಳುವುದು ಬೇರೆ. ಗೋಡೆ ಗಟ್ಟಿ ಇದ್ದರೆ ಕೆಡವಬೇಡಿ. ಅದೇ ಮನೆಯಲ್ಲಿ ನೀವೂ ಇರಬಹುದು, ಎರಡು-ಮೂರು ಹುಡುಗರಿಗೂ ಜಾಗ ಕೊಡಬಹುದು. ಇದಕ್ಕೆ ಉದಾಹರಣೆ ಊರಲ್ಲೇ ಇದೆ. ಕರ್ನಾಟಕ ಕಾಲೇಜಿನ ಹಳೇ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕಚೇರಿಯಾಗಿತ್ತು. ಕಂಪನಿ ಹೋಯಿತು, ಕಟ್ಟಡ ಕಾಲೇಜಾಯಿತು. ನೂರು ವರ್ಷ ದಾಟಿದರೂ ಅಲ್ಲಿ ಪಾಠ ನಡೆದೇ ಇದೆ.

ಮನೆ ಬಾಳಿಸಲು ಏನೇನು ಮಾಡಬೇಕು, ಯಾವುದು ಮೊದಲು, ಯಾವುದು ಆಮೇಲೆ, ನೋಡೋಣ.

ಮೊದಲು ಕಾಗದ

ಗೌಂಡಿಯನ್ನು ಕರೆಯುವ ಮುಂಚೆ ಕಾಗದ ತೆಗೆಯಿರಿ. ನಮ್ಮ ಕಡೆ ಹಳೇ ಓಣಿಯ ಮನೆಗಳಿಗೆ ಸಿಟಿ ಸರ್ವೆ ನಂಬರ್ ಇರುತ್ತದೆ. ಸಿಟಿ ಸರ್ವೆ ಕಚೇರಿಯಲ್ಲಿ ಹೊಸ ಉತಾರ, ಅಂದರೆ ಆಸ್ತಿ ದಾಖಲೆಯ ಪ್ರತಿ, ತೆಗೆಸಿ. ಅದರಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ ವಾರಸಾ ಮಾಡಿಸಿ, ಅಂದರೆ ವಾರಸುದಾರರ ಹೆಸರು ಹಚ್ಚಿಸಿ. ಪುಣೆಯಲ್ಲಿರುವ ಕಾಕಾ, ಬೆಳಗಾವಿಗೆ ಕೊಟ್ಟ ಅತ್ತೆ, ಇವರ ಪಾಲೂ ಇರಬಹುದು. ಎಲ್ಲರೂ ಕೂತು ಮಾತಾಡಿಕೊಳ್ಳಿ. ಅರ್ಧ ಕೆಲಸಕ್ಕೆ ಜಗಳ ಬಿದ್ದರೆ ಹಂಚು ಇಳಿಸಿದ ಮನೆ ಮಳೆಯಲ್ಲಿ ನೆನೆಯುತ್ತದೆ, ಒಂದೇ ಮಳೆಗಾಲಕ್ಕೆ ಗೋಡೆ ಕುಸಿಯುತ್ತದೆ. ಪಾಲಿಕೆಯಲ್ಲಿ ಇ-ಖಾತಾ ಮಾಡಿಸಿ. ಆಸ್ತಿಯ ಮೇಲೆ ಸಾಲ-ಬೋಜಾ ಇದೆಯೇ ಎಂದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆದು ನೋಡಿ. ಹೊಸ ಕೋಣೆ ಕಟ್ಟುವುದಿದ್ದರೆ ಪಾಲಿಕೆಯ ಅನುಮತಿ ಬೇಕು.

ಮನೆಯನ್ನು ಓದಿ

ಒಂದು ಟಾರ್ಚ್, ಒಂದು ಸ್ಕ್ರೂಡ್ರೈವರ್ ಹಿಡಿದು ಮನೆಯೆಲ್ಲ ತಿರುಗಿ. ತೊಲೆಗಳು ಗೋಡೆಯೊಳಗೆ ಸೇರುವ ತುದಿ ಮೊದಲು ಕೊಳೆಯುತ್ತದೆ. ಅಲ್ಲಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಒಳಗೆ ಹೋದರೆ ಕಟ್ಟಿಗೆ ಹೋಗಿದೆ ಅಂತ ಅರ್ಥ. ಗೋಡೆ ಮೇಲೆ ಮಣ್ಣಿನ ಗೆರೆ ಹತ್ತಿದ್ದರೆ ಗೆದ್ದಲು ಇದೆ.

ಬಿರುಕು ಕಂಡ ಕೂಡಲೇ ಹೆದರಬೇಡಿ. ಹಳೇ ಬಿರುಕು ಸುಮ್ನೆ ನಿಂತಿರಬಹುದು. ಬಿರುಕಿನ ಮೇಲೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಬಿಗಿಯಾಗಿ ಅಂಟಿಸಿ, ತಾರೀಖು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಬಿಡಿ. ಪಟ್ಟಿ ಹರಿದರೆ ಗೋಡೆ ಇನ್ನೂ ಸರಿಯುತ್ತಿದೆ. ಹರಿಯದಿದ್ದರೆ ಮೇಲೆ ಗಿಲಾವು ಮಾಡಿದರೆ ಸಾಕು. ಆದರೆ ಗೋಡೆ ಹೊಟ್ಟೆ ಉಬ್ಬಿಸಿದ್ದರೆ ಕಾಯಬೇಡಿ. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟರೆ ಉಬ್ಬು ಗೊತ್ತಾಗುತ್ತದೆ. ಆಗ ಹಳೇ ಕಟ್ಟಡ ಗೊತ್ತಿರುವ ಎಂಜಿನಿಯರ್ ಒಬ್ಬರನ್ನು ಕರೆಯಿರಿ. ಅವರು ಉಳಿಯುವುದಿಲ್ಲ ಅಂದರೆ ಆ ಗೋಡೆಯನ್ನಷ್ಟೇ ಬಿಚ್ಚಿ ಕಟ್ಟಬಹುದು. ಇಡೀ ಮನೆ ಕೆಡವಬೇಕಿಲ್ಲ.

ಹಂಚಿನ ಕೆಲಸ ಫೆಬ್ರುವರಿ-ಮಾರ್ಚ್‌ನಲ್ಲಿ

ಮನೆಯ ಆಯುಷ್ಯ ನಿಂತಿರುವುದು ಮೇಲಿನ ಹಂಚಿನ ಮೇಲೆ. ಮಣ್ಣಿನ ಗೋಡೆ ತಲೆ ಒಣಗಿದ್ದರೆ ತಲೆಮಾರುಗಟ್ಟಲೆ ನಿಲ್ಲುತ್ತದೆ. ತಲೆ ನೆನೆದರೆ ಬೇಗ ಬೀಳುತ್ತದೆ.

ಜೂನ್ ಮಳೆಗೆ ಮುಂಚೆ ಮಾಡಿದರಾಯಿತು ಅಂತ ಬಹಳ ಮಂದಿ ಮೇ ತನಕ ಕಾಯುತ್ತಾರೆ. ಅದು ತಡವಾಯಿತು. ಏಪ್ರಿಲ್-ಮೇನಲ್ಲಿ ಧಾರವಾಡಕ್ಕೆ ಗಾಳಿ, ಗುಡುಗು ಸಮೇತ ಅಡ್ಡಮಳೆ ಬರುತ್ತದೆ. ಹಂಚು ಇಳಿಸಿಟ್ಟ ದಿನವೇ ಅದು ಬಂದರೆ ಕಷ್ಟ. ಮಾರ್ಚ್ ಮುಗಿಯುವುದರೊಳಗೆ ಕೆಲಸ ಮುಗಿಸಿ.

ನಮ್ಮ ಮನೆಗಳ ಮೇಲಿರುವುದು ಮಂಗಳೂರು ಹಂಚು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಮೊದಲ ಕಾರ್ಖಾನೆ ಹಾಕಿದರು. ಅದೇ ಮಿಷನ್ ಧಾರವಾಡದಲ್ಲೂ ಶಾಲೆ ನಡೆಸಿತು. ಹಂಚು ತಿರುವಿ ಹಾಕಿದರೆ ಹಿಂದೆ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಈ ಹೆಸರು ಬರೆದಿಟ್ಟುಕೊಳ್ಳಿ, ಇದು ಕೆಲಸಕ್ಕೆ ಬರುತ್ತದೆ. ಒಂದು ಕಾರ್ಖಾನೆಯ ಹಂಚಿಗೂ ಇನ್ನೊಂದರ ಹಂಚಿಗೂ ಅಳತೆ, ಹಲ್ಲು ಸ್ವಲ್ಪ ಬೇರೆ. ಬೆರೆಸಿ ಕೂಡಿಸಿದರೆ ಸಂದಿ ಉಳಿಯುತ್ತದೆ, ಅಲ್ಲೇ ಸೋರುತ್ತದೆ. ಬೇರೆ ಹೆಸರಿನ ಹಂಚೇ ಸಿಕ್ಕರೆ ಒಂದು ಇಳಿಜಾರಿಗೆ ಪೂರ್ತಿ ಅದನ್ನೇ ಹಾಕಿಸಿ. ಅಲ್ಲಿಂದ ಇಳಿಸಿದ ಹಳೇ ಹಂಚನ್ನು ಮತ್ತೊಂದು ಇಳಿಜಾರಿಗೆ ಬಳಸಿ.

ಕೆಲಸ ಹೀಗೆ ಮಾಡಿಸಿ. ಒಂದು ಸಲಕ್ಕೆ ಒಂದೇ ಇಳಿಜಾರಿನ ಹಂಚು ಇಳಿಸಿ. ಬ್ರಷ್‌ನಿಂದ ಪಾಚಿ ಉಜ್ಜಿ ತೊಳೆಯಿರಿ. ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಹಂಚು ಟಣ್ ಅನ್ನುತ್ತದೆ. ಮಂದವಾಗಿ ಶಬ್ದ ಬಂದರೆ ಒಳಗೆ ಸೀಳಿದೆ, ಪಕ್ಕಕ್ಕಿಡಿ. ಹಂಚು ಇಳಿದಾಗ ಅದು ಕೂರುವ ಕಟ್ಟಿಗೆಯ ಪಟ್ಟಿಗಳು, ಅಂದರೆ ರೀಪು, ಪೂರ್ತಿ ಕಾಣುತ್ತವೆ. ಬಾಗಿದ್ದನ್ನು, ಗೆದ್ದಲು ತಿಂದದ್ದನ್ನು ಬದಲಿಸಿ. ಹಳೇ ಸಾಗವಾನಿ ತೊಲೆ ಚೆನ್ನಾಗಿದ್ದರೆ ಮುಟ್ಟಬೇಡಿ. ಹಳಿಯಾಳ, ದಾಂಡೇಲಿ ಕಡೆಯ ಅಂಥ ಹಣ್ಣಾದ ಕಟ್ಟಿಗೆ ಈಗ ಸುಲಭಕ್ಕೆ ಸಿಗುವುದಿಲ್ಲ.

ಎರಡು ಇಳಿಜಾರು ಕೂಡುವ ಮೂಲೆಯಲ್ಲಿ ತಗಡಿನ ಕಾಲುವೆ ಇರುತ್ತದೆ. ಸೋರುವ ಮನೆಗಳಲ್ಲಿ ಬಹಳ ಸಲ ತಪ್ಪು ಇಲ್ಲೇ ಇರುತ್ತದೆ. ತಗಡು ತೂತು ಬಿದ್ದಿದ್ದರೆ ಬದಲಿಸಿ. ಆಮೇಲೆ ಮಳೆಗಾಲದಲ್ಲಿ ಆಗಾಗ ಎಲೆ ತೆಗೆಯುತ್ತಿರಿ. ನೆತ್ತಿಯ ಹಂಚಿನ ಸಂದಿಗೆ ಸುಣ್ಣದ ಗಾರೆಯನ್ನೇ ಹಾಕಿಸಿ.

ಇನ್ನು ಮಂಗ. ಕ್ಯಾಂಪಸ್ಸಿನ ಗಿಡಗಳ ಕಡೆಯಿಂದ ಬರುವ ಮಂಗಗಳು ಹಂಚು ಸರಿಸಿ ಹೋಗುತ್ತವೆ. ಪೂರ್ತಿ ತಡೆಯಲು ಆಗುವುದಿಲ್ಲ. ಅಂಚಿನ ಸಾಲನ್ನೂ ನೆತ್ತಿಯ ಸಾಲನ್ನೂ ತಂತಿಯಿಂದ ರೀಪಿಗೆ ಬಿಗಿದರೆ ಕಾಟ ಅರ್ಧ ಕಡಿಮೆ. ಐವತ್ತು ಹಂಚು ಹಿತ್ತಲಲ್ಲಿ ಯಾವಾಗಲೂ ಹೆಚ್ಚಿಗೆ ಇರಲಿ. ಒಂದೆರಡು ಗಾಜಿನ ಹಂಚು ಹಾಕಿಸಿದರೆ ನಡುಮನೆಗೆ ಹಗಲು ದೀಪವೇ ಬೇಡ.

ಗೋಡೆಗೆ ಸಿಮೆಂಟ್ ಬೇಡ

ಈ ಮಾತನ್ನು ಒತ್ತಿ ಹೇಳುತ್ತೇನೆ. ಮಣ್ಣು, ಕಲ್ಲು, ಸುಣ್ಣದಿಂದ ಕಟ್ಟಿದ ಗೋಡೆಗೆ ಸಿಮೆಂಟ್ ಗಿಲಾವು ಹಚ್ಚಬೇಡಿ. ಹಳೇ ಗೋಡೆ ನೆಲದಿಂದ ಸ್ವಲ್ಪ ತೇವ ಎಳೆಯುತ್ತದೆ, ಬಿಸಿಲಿಗೆ ಅದನ್ನು ಹೊರಗೆ ಬಿಡುತ್ತದೆ. ಸುಣ್ಣ ಈ ತೇವವನ್ನು ದಾಟಿಸುತ್ತದೆ, ಸಿಮೆಂಟ್ ತಡೆಯುತ್ತದೆ. ತಡೆದ ತೇವ ಒಳಗೇ ನಿಂತು ಮಣ್ಣನ್ನು ಮೆತ್ತಗೆ ಮಾಡುತ್ತದೆ. ಜೊತೆಗೆ ಉಪ್ಪು ಹೊರಬಂದು ಬಿಳಿ ಪುಡಿ ಉದುರುತ್ತದೆ. ಕೆಲವೇ ವರ್ಷಕ್ಕೆ ಸಿಮೆಂಟಿನ ಪದರ ಹಿಂದಿನ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಆಗ ಜನ ‘ಹಳೇ ಗೋಡೆ, ಅದ ಬಿತ್ತು’ ಅನ್ನುತ್ತಾರೆ. ಅದನ್ನು ಬೀಳಿಸಿದ್ದು ಮೇಲೆ ಹಚ್ಚಿದ ಸಿಮೆಂಟ್. ಪ್ಲಾಸ್ಟಿಕ್ ಪೇಂಟ್ ಕೂಡ ಹೀಗೇ ಉಸಿರುಗಟ್ಟಿಸುತ್ತದೆ.

ಸುಣ್ಣದ ಕೆಲಸಕ್ಕೆ ತಾಳ್ಮೆ ಬೇಕು. ಸುಟ್ಟ ಸುಣ್ಣವನ್ನು ನೀರಿಗೆ ಹಾಕಿದಾಗ ಕುದಿಯುತ್ತದೆ, ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಬೇಕೇ ಬೇಕು. ಮಕ್ಕಳನ್ನು ಹತ್ತಿರ ಬಿಡಬೇಡಿ. ನೀರಿನಡಿಯಲ್ಲಿ ಕನಿಷ್ಠ ಎರಡು ವಾರ ಕಳಿಯಲಿ, ಜಾಸ್ತಿ ದಿನ ಕಳಿತಷ್ಟೂ ಒಳ್ಳೆಯದು. ಆಮೇಲೆ ಸೋಸಿ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಉಸುಕು ಕಲಸಿ. ಗೋಡೆ ನೆನೆಸಿ, ತೆಳುವಾಗಿ ಎರಡು ಸಲ ಹಚ್ಚಿಸಿ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು. ಅದು ನಿಧಾನದ ಕೆಲಸ. ಹಾಗಾಗಿ ಬಿರುಬಿಸಿಲು ತಾಗದಂತೆ ಗೋಣಿತಟ್ಟು ಕಟ್ಟಿ, ಒಂದೆರಡು ವಾರ ನೀರು ಚಿಮುಕಿಸುತ್ತಿರಿ.

ಈ ಕೆಲಸ ಬಲ್ಲ ಗೌಂಡಿಗಳು ಈಗ ವಯಸ್ಸಾದವರು. ಹಳೇ ಗುಡಿ, ಮಠಗಳ ರಿಪೇರಿ ಮಾಡಿದವರು ಯಾರು ಅಂತ ಕೇಳಿದರೆ ಸಿಗುತ್ತಾರೆ. ಅವರ ಕೈಕೆಳಗೆ ಒಬ್ಬ ಎಳೆಯ ಗೌಂಡಿಯನ್ನೂ ಹಚ್ಚಿ, ಅವನ ಪಗಾರ ನೀವೇ ಕೊಡಿ. ಮುಂದಿನ ರಿಪೇರಿಗೆ ಓಣಿಯಲ್ಲಿ ಒಬ್ಬನಾದರೂ ಉಳಿಯಬೇಕಲ್ವಾ?

ಗೋಡೆಯ ಬುಡಕ್ಕೆ ಹತ್ತುವಂತೆ ಅಂಗಳವನ್ನೆಲ್ಲ ಕಾಂಕ್ರೀಟ್ ಮಾಡಿಸಬೇಡಿ. ನೆಲದ ನೀರಿಗೆ ಹೊರಗೆ ಬರಲು ದಾರಿ ಇಲ್ಲದೆ ಅದು ಗೋಡೆ ಹತ್ತುತ್ತದೆ. ಅಂಗಳದ ಇಳಿಜಾರು ಮನೆಯಿಂದ ಆಚೆಗೆ ಇರಲಿ. ಒಳಗೆ ಫರಸಿ ಕಲ್ಲು ಇದ್ದರೆ ಅದನ್ನೇ ಎಬ್ಬಿಸಿ ಮಟ್ಟ ಮಾಡಿ ಕೂಡಿಸಿ. ಬೇಸಿಗೆಯಲ್ಲಿ ಟೈಲ್ಸ್‌ಗಿಂತ ತಂಪು.

ನೀರು, ಬಚ್ಚಲು

ಹುಡುಗರನ್ನು ಇಟ್ಟುಕೊಳ್ಳುವುದಾದರೆ ಬಚ್ಚಲು, ಸಂಡಾಸ ಹೆಚ್ಚಿಗೆ ಬೇಕು. ಅವನ್ನು ಹಳೇ ಮಣ್ಣಿನ ಗೋಡೆಗೆ ಹಚ್ಚಿ ಕಟ್ಟಬೇಡಿ. ಹಿತ್ತಲಲ್ಲಿ ಎರಡು ಹೆಜ್ಜೆ ಬಿಟ್ಟು ಬೇರೆಯೇ ಕಟ್ಟಿ. ಅಲ್ಲಿ ಸಿಮೆಂಟ್ ಬಳಸಿದರೂ ಅಡ್ಡಿಯಿಲ್ಲ. ನೀರಿನ ಟಾಕಿಯನ್ನೂ ಅದರ ಮೇಲೆ ಇಡಬಹುದು, ಅಥವಾ ಕಬ್ಬಿಣದ ಸ್ಟ್ಯಾಂಡ್ ಮಾಡಿಸಬಹುದು. ಸಾವಿರ ಲೀಟರಿನ ಟಾಕಿ ತುಂಬಿದರೆ ನೀರೇ ಒಂದು ಟನ್. ಆ ಭಾರ ಹಳೇ ಗೋಡೆಯ ಮೇಲೆ ಬೀಳಬಾರದು.

ಮಲಪ್ರಭೆಯ ನೀರು ದಿನಾ ಬರದ ಓಣಿಗಳಲ್ಲಿ ಹಿತ್ತಲ ಬಾವಿಯೇ ಆಸರೆ. ಬಾವಿ ಮುಚ್ಚಿ ಪಾರ್ಕಿಂಗ್ ಮಾಡುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಹೂಳು ತೆಗೆಸಿ, ಮೇಲೆ ಜಾಳಿಗೆ ಹಾಕಿಸಿ, ಹಂಚಿನ ನೀರನ್ನು ಅದಕ್ಕೆ ಬಿಡಿ. ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರಿನ ಮನೆಯ ಮೇಲೆ 20 ಮಿಲಿಮೀಟರ್ ಮಳೆಯಾದರೆ 2,000 ಲೀಟರ್. ಸೋರಿಕೆ ಕಳೆದರೂ 1,600 ಲೀಟರ್ ಸಿಗುತ್ತದೆ. ಮೊದಲ ಒಂದೆರಡು ಮಳೆಯ ಕೊಳೆ ನೀರನ್ನು ಹೊರಗೆ ಬಿಡಿ. ಆಮೇಲಿನದನ್ನು ಉಸುಕು, ಇದ್ದಿಲು, ಜಲ್ಲಿ ಹಾಕಿದ ಸೋಸುಗುಂಡಿ ದಾಟಿಸಿ ಬಾವಿಗೆ ಇಳಿಸಿ. ಸಂಡಾಸದ ಗುಂಡಿ ಬಾವಿಯಿಂದ ಆದಷ್ಟು ದೂರ, ಇಳಿಜಾರಿನ ಕೆಳಗಡೆ ಇರಲಿ.

ಕರೆಂಟು

ಹಳೇ ಮನೆಯ ವೈರಿಂಗ್ ಒಂದು ಬಲ್ಬು, ಒಂದು ಫ್ಯಾನಿಗೆ ಮಾಡಿದ್ದು. ಈಗ ಹುಡುಗರ ಹತ್ತಿರ ಇಂಡಕ್ಷನ್ ಒಲೆ ಇರುತ್ತದೆ. 2,000 ವಾಟಿನ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ, ಸಣ್ಣ ಸಾಕೆಟ್ ಅದನ್ನು ತಾಳುವುದಿಲ್ಲ. ತಲೆ ಮೇಲೆ ಒಣ ಕಟ್ಟಿಗೆ ಇರುವ ಮನೆಯಲ್ಲಿ ಇದು ಹುಡುಗಾಟದ ವಿಷಯ ಅಲ್ಲ. ಲೈಸೆನ್ಸ್ ಇರುವವರಿಂದ ಪೂರ್ತಿ ವೈರಿಂಗ್ ಬದಲಿಸಿ. ಅರ್ಥಿಂಗ್ ಹೊಸದಾಗಿ ಮಾಡಿಸಿ. ಶಾಕ್ ಹೊಡೆದರೆ ಕ್ಷಣದಲ್ಲೇ ಕರೆಂಟು ಕಡಿಯುವ 30 ಮಿಲಿಆಂಪಿಯರಿನ ಬ್ರೇಕರ್ ಹಾಕಿಸಿ. ಹೆಸ್ಕಾಂನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ಬಿಲ್ಲಿನಲ್ಲೇ ಇರುತ್ತದೆ, ಸಾಲದಿದ್ದರೆ ಹೆಚ್ಚಿಸಿಕೊಳ್ಳಿ.

ಹುಡುಗರಿಗೆ ಖೋಲಿ

ಗದಗ, ಹಾವೇರಿ, ಕೊಪ್ಪಳ, ವಿಜಯಪುರದ ಹಳ್ಳಿಗಳಿಂದ ಬರುವ ಮಕ್ಕಳು ಇವರು. ಹೊಲದ ದುಡ್ಡಿನಲ್ಲಿ ಪಿಎಸ್‌ಐ, ಎಫ್‌ಡಿಎಯಂಥ ಸರ್ಕಾರಿ ನೌಕರಿಯ ಪರೀಕ್ಷೆಗೆ ವರ್ಷಗಟ್ಟಲೆ ಓದುತ್ತಾರೆ. ಅವರಿಗೆ ಬೇಕಾದದ್ದು ಗಾಳಿ ಬರುವ ಕಿಟಕಿ, ಒಂದು ಮೇಜು, ಒಳ್ಳೆಯ ದೀಪ. ಪಡಸಾಲೆಯ ಪಕ್ಕದ ಒಂದು ಖೋಲಿಗೆ ಇಬ್ಬರು ಸಾಕು. ಮೂರನೆಯ ಕಾಟು ತುರುಕಬೇಡಿ.

ಕರಾರು ಬಾಯಿಮಾತಿನಲ್ಲಿ ಬೇಡ. ಸ್ಟಾಂಪ್ ಪೇಪರಿನ ಮೇಲೆ 11 ತಿಂಗಳಿಗೆ ಬರೆದುಕೊಳ್ಳುವುದು ರೂಢಿ. ಒಂದು ವರ್ಷಕ್ಕಿಂತ ಜಾಸ್ತಿ ಆದರೆ ನೋಂದಣಿ ಮಾಡಿಸಬೇಕಾಗುತ್ತದೆ. ಅಡ್ವಾನ್ಸ್ ಎಷ್ಟು, ವಾಪಸ್ಸು ಯಾವಾಗ, ಕರೆಂಟು ಬಿಲ್ಲು ಹೇಗೆ ಹಂಚಿಕೆ, ಇವು ಮೂರೂ ಬರೆದಿರಲಿ. ಬೇರೆ ಸಬ್ ಮೀಟರ್ ಇದ್ದರೆ ಜಗಳಕ್ಕೆ ಜಾಗವೇ ಇಲ್ಲ. ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ, ಊರಲ್ಲಿರುವ ಅಪ್ಪ-ಅವ್ವನ ಜೊತೆ ಒಮ್ಮೆ ಫೋನಿನಲ್ಲಿ ಮಾತಾಡಿ.

ಹಂಚಿನ ಮನೆಯಲ್ಲಿ ಶಬ್ದ ಒಂದು ಕೋಣೆಯಿಂದ ಇನ್ನೊಂದಕ್ಕೆ ಮೇಲಿನಿಂದ ದಾಟುತ್ತದೆ, ಗೋಡೆ ಸೂರಿನ ತನಕ ಇರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಿ. ನಿಮ್ಮ ಟಿವಿಗೂ ಅದೇ ನಿಯಮ. ‘ಕಾಕೂ, ನಾಳೆ ಪರೀಕ್ಷಾ ಐತ್ರಿ’ ಅಂದರೆ ಅವತ್ತು ಧಾರಾವಾಹಿಯ ಧ್ವನಿ ಇಳಿಸಿ. ಊಟ ಹಾಕುತ್ತೇವೆ ಅಂತ ಉತ್ಸಾಹದಲ್ಲಿ ಒಪ್ಪಬೇಡಿ. ಸುತ್ತಲೂ ಖಾನಾವಳಿಗಳಿವೆ. ದಿನಾ ಎರಡು ಹೊತ್ತು ರೊಟ್ಟಿ ಬಡಿಯುವುದು ಒಂದು ಪೂರ್ತಿ ಉದ್ಯೋಗ.

ಓಣಿ ಮತ್ತು ಕ್ಯಾಂಪಸ್

ಪಾವಟೆ ನಗರದ ವಿಶ್ವವಿದ್ಯಾಲಯ ಕ್ಯಾಂಪಸ್ ಮಗ್ಗುಲಲ್ಲೇ ಇರುವುದು ಈ ಓಣಿಗಳ ಭಾಗ್ಯ. ಮುಂಜಾನೆ ಅಲ್ಲಿ ತಿರುಗಾಡುವವರು ಕಸ ಬಿಡದೆ ಬಂದರೆ ಸಾಕು. 1939ರಲ್ಲಿ ಶುರುವಾದ ಕನ್ನಡ ಸಂಶೋಧನಾ ಸಂಸ್ಥೆಗೆ, ಪಂಡಿತ ಮಲ್ಲಿಕಾರ್ಜುನ ಮನಸೂರರು ಬಾಳಿದ ‘ಮೃತ್ಯುಂಜಯ’ ಮನೆಗೆ ನಿಮ್ಮ ಖೋಲಿಯ ಹುಡುಗರನ್ನು ಒಂದು ರವಿವಾರ ಕಳಿಸಿ. ಮನಸೂರರ ಮನೆ ಈಗ ಸ್ಮಾರಕ.

ಹಿತ್ತಲ ಮಾವು, ಹಲಸು ಕಡಿಯುವ ಮುಂಚೆ ಎರಡು ಸಲ ಯೋಚಿಸಿ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ನಗರದ ಬಹಳಷ್ಟು ಮರ ಕಡಿಯಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಹಂಚಿನ ಮೇಲೆ ಚಾಚಿದ ಟೊಂಗೆ ಮಾತ್ರ ಸವರಿಸಲು ಅಲ್ಲೇ ಕೇಳಿ.

ಓಣಿಯಲ್ಲಿ ಯಾರಾದರೂ ಮನೆ ಕೆಡವುತ್ತಿದ್ದರೆ ಅವತ್ತೇ ಹೋಗಿ ಮಾತಾಡಿ. ಹಂಚು, ಸಾಗವಾನಿ ತೊಲೆ, ಬಾಗಿಲ ಚೌಕಟ್ಟು, ಫರಸಿ, ಕಿಟಕಿಯ ಸರಳು, ಇವನ್ನೆಲ್ಲ ಗುಜರಿಗೆ ಹೋಗುವ ಮುಂಚೆ ಕೊಂಡುಕೊಳ್ಳಿ. ಹಂಚಿನ ಹಿಂದಿನ ಹೆಸರು ನಿಮ್ಮ ಹಂಚಿಗೆ ಹೊಂದುತ್ತದೆಯೇ ನೋಡಿ. ಕಟ್ಟಿಗೆಯನ್ನು ನೆಲದಿಂದ ಒಂದು ಅಡಿ ಎತ್ತರಕ್ಕೆ, ಕಲ್ಲಿನ ಮೇಲೆ, ಗಾಳಿಯಾಡುವಂತೆ ಅಡ್ಡಡ್ಡ ಒಟ್ಟಿಡಿ. ಹಂಚನ್ನು ಮಲಗಿಸಬೇಡಿ, ನಿಲ್ಲಿಸಿ ಸಾಲಾಗಿ ಜೋಡಿಸಿ. ಮಲಗಿಸಿ ಒಟ್ಟಿದರೆ ಕೆಳಗಿನವು ಭಾರಕ್ಕೆ ಒಡೆಯುತ್ತವೆ.