ಕಬ್ಬಿನ ಚೀಟಿಗಳನ್ನು ಪೈಥಾನ್‌ನಿಂದ ಟೈಪ್ ಮಾಡಿಸಿದ ನನ್ನ ಅನುಭವ

ಮುಧೋಳ ಭಾಗದ ಸಕ್ಕರೆ ಕಾರ್ಖಾನೆಯೊಂದರ ಕಬ್ಬಿನ ಲೆಕ್ಕ ಇಂದಿಗೂ ಕಪ್ಪು ಪರದೆಯ ಹಳೆಯ ಪ್ರೋಗ್ರಾಮಿನಲ್ಲಿಯೇ ನಡೆಯುತ್ತದೆ. ತೂಕದ ಕಂಪ್ಯೂಟರ್ ಪ್ರತಿ ರಾತ್ರಿ ಸಿಎಸ್‌ವಿ ಫೈಲ್ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಟ್ಟಿ) ಕೊಟ್ಟರೂ, ಅದನ್ನು ನೇರವಾಗಿ ಒಳಗೆ ತೆಗೆದುಕೊಳ್ಳುವ ವ್ಯವಸ್ಥೆ ಇಲ್ಲದ್ದರಿಂದ ಹಂಗಾಮಿನಲ್ಲಿ ದಿನಕ್ಕೆ 400ರಷ್ಟು ತೂಕದ ಚೀಟಿಗಳನ್ನು ಇಬ್ಬರು ಆಪರೇಟರುಗಳು ಮತ್ತೆ ಟೈಪ್ ಮಾಡುತ್ತಿದ್ದರು. 1966ರ ಕಬ್ಬು (ನಿಯಂತ್ರಣ) ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ರೈತರಿಗೆ ಹಣ ಪಾವತಿಸಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ ಬೀಳುತ್ತದೆ. ಹಾಗಾಗಿ ಚೀಟಿಗಳ ಬಾಕಿ ಬೆಳೆಯುವಂತಿರಲಿಲ್ಲ. ನೇರ ಆಮದಿನ ಸೌಲಭ್ಯಕ್ಕೆ ಪ್ರೋಗ್ರಾಮ್ ಬರೆದವರು 3 ಲಕ್ಷದ ಹತ್ತಿರ ಕೇಳಿದ್ದರು. ಆಪರೇಟರುಗಳ ಬದಲು ಒಂದು ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಮ್) ತಾನೇ ಟೈಪ್ ಮಾಡುವಂತೆ ಮಾಡಿಕೊಡಲು ನಾನು 40 ಸಾವಿರಕ್ಕೆ ಒಪ್ಪಿಕೊಂಡೆ. ಲೆಕ್ಕಪತ್ರ ವಿಭಾಗದ ಹಿರಿಯರಿಗೆ ನಂಬಿಕೆ ಇರಲಿಲ್ಲ: "ಒಬ್ಬರ ತೂಕ ಇನ್ನೊಬ್ಬರ ಖಾತೇಕ ಬಿದ್ರ, ರೈತರು ನನ್ನ ಕೊಳ್ಳಪಟ್ಟಿ ಹಿಡೀತಾರ್ರಿ."

ಪೈಪ್ ಮೂಲಕ, ಅಂದರೆ ಕೀಬೋರ್ಡಿನ ಬದಲು ಫೈಲಿನಿಂದಲೇ, ಸಾಲುಗಳನ್ನು ತುಂಬುವ ಯತ್ನ ಮೊದಲ ದಿನವೇ ಬಿದ್ದುಹೋಯಿತು, ಏಕೆಂದರೆ ಆ ಪ್ರೋಗ್ರಾಮಿಗೆ ನಿಜವಾದ ಟರ್ಮಿನಲ್ಲೇ (ಕೀಬೋರ್ಡು, ಪರದೆಗಳ ಜೋಡಿ) ಬೇಕು. ನಾವು ಒತ್ತಿದ್ದನ್ನೂ ಪರದೆಯಲ್ಲಿ ಬಂದದ್ದನ್ನೂ ದಾಖಲಿಸಿಕೊಳ್ಳುವ ಆಟೋಎಕ್ಸ್‌ಪೆಕ್ಟ್‌ನಿಂದ ರೆಕಾರ್ಡ್ ಮಾಡಿದ ಸ್ಕ್ರಿಪ್ಟ್ ಪರದೆಯ ಮೂಲೆಯಲ್ಲಿದ್ದ ತಾರೀಖನ್ನೂ ಅಕ್ಷರಶಃ ನಿರೀಕ್ಷಿಸುತ್ತಿದ್ದುದರಿಂದ ಮರುದಿನ ಬೆಳಿಗ್ಗೆ ನಿಂತಲ್ಲೇ ನಿಂತಿತು. ಕೈಯಿಂದ ಬರೆದ ಎಕ್ಸ್‌ಪೆಕ್ಟ್ ಸ್ಕ್ರಿಪ್ಟ್ (ಇಂಥ ಪದ ಬರುವವರೆಗೆ ಕಾದು ಇದನ್ನು ಟೈಪ್ ಮಾಡು ಎನ್ನುವ ಸೂಚನೆಗಳ ಸಾಲು) ಮೊದಲ ಚೀಟಿಯನ್ನು ಚೊಕ್ಕವಾಗಿ ಮುಗಿಸಿ, ಎರಡನೆಯದಕ್ಕೆ 10 ಸೆಕೆಂಡು ಕಾದು ಟೈಮ್‌ಔಟ್ ಆಗುತ್ತಿತ್ತು. ಇದರ ಮೂಲ ಹುಡುಕುವುದರಲ್ಲಿಯೇ ಹೆಚ್ಚು ಕಾಲ ಹೋಯಿತು. ಆ ಪ್ರೋಗ್ರಾಮ್ ಪರದೆ ಚಿತ್ರಿಸಲು ಬಳಸುವ ಕರ್ಸಸ್ ಎಂಬ ಲೈಬ್ರರಿ ಪರದೆಯಲ್ಲಿ ಬದಲಾದ ಅಕ್ಷರಗಳನ್ನಷ್ಟೇ ಕಳುಹಿಸುತ್ತದೆ. "ಚೀಟಿ ಸಂಖ್ಯೆ" ಎಂಬ ಸಾಲು ಆಗಲೇ ಅಲ್ಲಿ ಕಾಣುತ್ತಿರುವಾಗ ಅದನ್ನು ಮತ್ತೆ ಕಳುಹಿಸುವ ಪ್ರಮೇಯವೇ ಇಲ್ಲ, ನಾವು ಎಷ್ಟು ಕಾದರೂ ಬಾರದು.

ಆದ್ದರಿಂದ ಎಕ್ಸ್‌ಪೆಕ್ಟ್‌ನ ಕೆಲಸವನ್ನೇ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡುವ ಪೆಕ್ಸ್‌ಪೆಕ್ಟ್ ಓದಿದ್ದನ್ನೆಲ್ಲ ಪೈಟ್ ಎಂಬ ಟರ್ಮಿನಲ್ ಎಮ್ಯುಲೇಟರಿಗೆ (ಟರ್ಮಿನಲ್‌ನಂತೆ ನಟಿಸುವ ಪ್ರೋಗ್ರಾಮಿಗೆ) ಉಣಿಸಿ, 24 ಸಾಲು 80 ಕಾಲಮ್ಮಿನ ಪರದೆಯನ್ನು ಮೆಮೊರಿಯಲ್ಲಿಯೇ ಕಟ್ಟಿಕೊಂಡೆ. ಈಗ ಸ್ಕ್ರಿಪ್ಟ್ ಪದಗಳಿಗಾಗಿ ಕಾಯುವುದಿಲ್ಲ, ಕರ್ಸರ್ ಯಾವ ಸಾಲಿನ ಯಾವ ಕಾಲಮ್ಮಿನಲ್ಲಿ ನಿಂತಿದೆ ಎಂದು ನೋಡುತ್ತದೆ. ರೈತರ ಕೋಡ್ ಹಾಕಿದೊಡನೆ ಪ್ರೋಗ್ರಾಮ್ ತೋರಿಸುವ ಹೆಸರನ್ನು ಪರದೆಯಿಂದ ಓದಿ, ಸಿಎಸ್‌ವಿಯಲ್ಲಿರುವ ಹೆಸರಿನೊಂದಿಗೆ ಹೋಲಿಸಿ, ತಾಳೆಯಾಗದಿದ್ದರೆ ಎಸ್ಕೇಪ್ ಒತ್ತಿ ಆ ಚೀಟಿಯನ್ನು ಬೇರೆ ಫೈಲಿಗೆ ಸರಿಸುತ್ತದೆ. ಒಂದೇ ಹೆಸರನ್ನು ಎರಡು ಕಡೆ ಎರಡು ಬಗೆಯಲ್ಲಿ ಬರೆದಿದ್ದರೂ ತಾಳೆ ಮಾಡುವ ಬಗೆ ನನ್ನ ಹೊಟ್ಟೆಪಾಡಿನದು, ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ನಡುವೆ ವೇಗದ ಹುಚ್ಚೂ ಹತ್ತಿತ್ತು. ಪೆಕ್ಸ್‌ಪೆಕ್ಟ್ ಪ್ರತಿ ಸಲ ಕಳುಹಿಸುವ ಮುನ್ನ ತಾನಾಗಿಯೇ 0.05 ಸೆಕೆಂಡು ತಡೆಯುತ್ತದೆ. ಅದನ್ನು ತೆಗೆದುಹಾಕಿದಾಗ ಮುದಿ ಸರ್ವರ್ ಅಂಕಿಗಳನ್ನೇ ನುಂಗತೊಡಗಿತು, ಕೊನೆಗೆ 0.1ಕ್ಕೆ ಏರಿಸಿದೆ. ಹೆಸರಿನ ತಾಳೆ ಕಾವಲಿಗಿದ್ದುದರಿಂದ ಆ ಪ್ರಯೋಗದಲ್ಲಿಯೂ ಯಾರ ತೂಕವೂ ತಪ್ಪು ಖಾತೆಗೆ ಹೋಗಲಿಲ್ಲ.

ಈಗ ಇಡೀ ದಿನದ ಚೀಟಿಗಳು ಅರ್ಧ ಗಂಟೆಯೊಳಗೆ ಮುಗಿಯುತ್ತವೆ, ಐದಾರು ಮಾತ್ರ ಬೇರೆ ಫೈಲಿಗೆ ಬೀಳುತ್ತವೆ. ಅವುಗಳನ್ನು ಹಿರಿಯರೇ ಕೂತು ಕೈಯಿಂದ ಹಾಕುತ್ತಾರೆ. ಸಾಲ ಕಡಿತದ ಪರದೆಯನ್ನೂ ಹೀಗೆಯೇ ಮಾಡಿಕೊಡಲು ಆಗುವುದೇ ಎಂದು ಕಳೆದ ವಾರ ಅವರೇ ಕೇಳಿದರು. ಅದಕ್ಕೆ 25 ಸಾವಿರ ಹೇಳಿದ್ದೇನೆ.