ಗಿಡಗಳ ಹೆಸರಿನಲ್ಲಿ ಸಿಕ್ಕ ಅಜ್ಜಿ

ಅಜ್ಜಿ ತೀರಿಕೊಂಡ ಮೇಲೆ ಚರ್ಚಿನಲ್ಲಿ ನಡೆಯಲಿದ್ದ ಸ್ಮರಣೆಯ ಆರಾಧನೆಯಲ್ಲಿ ಕುಟುಂಬದ ಪರವಾಗಿ ಐದು ನಿಮಿಷ ಮಾತನಾಡುವ ಹೊಣೆ ನನ್ನ ಪಾಲಿಗೆ ಬಂತು. ಮೊದಲು ಬರೆದದ್ದನ್ನು ಹರಿದುಹಾಕಿದೆ. ‘ಸ್ನೇಹಮಯಿ’, ‘ದೈವಭಕ್ತೆ’, ‘ಪ್ರಕೃತಿಪ್ರೇಮಿ’ ಎಂಬ ಮಾತುಗಳು ಅದರಲ್ಲಿದ್ದವು. ಯಾವುದೂ ಸುಳ್ಳಲ್ಲ, ಆದರೆ ಆ ಹಾಳೆಯನ್ನು ಬೇರೆ ಯಾರ ಅಜ್ಜಿಗೆ ಓದಿದ್ದರೂ ನಡೆಯುತ್ತಿತ್ತು.

ದಾರಿ ತೋರಿಸಿದ್ದು ಅವರ ತೋಟ. ಅಲ್ಲಿ ಗಿಡಗಳಿಗೆ ಜಾತಿಯ ಹೆಸರು ಇರಲಿಲ್ಲ, ಕೊಟ್ಟವರ ಹೆಸರು ಇತ್ತು. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಶಿಕ್ಷಕಿಯ ಮನೆಯಿಂದ ಬಂದದ್ದು ‘ಟೀಚರ್ ಗುಲಾಬಿ’, ಹಿಂದಿನ ಸಭಾಪಾಲಕರು ವರ್ಗವಾಗಿ ಹೋಗುವಾಗ ಬಿಟ್ಟುಹೋದದ್ದು ‘ಅಯ್ಯನವರ ದಾಸವಾಳ’. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ಕಡೆಯ ಮನುಷ್ಯ ಹೋಗುವವರೆಗೂ ಅಜ್ಜಿ ನಿಂತಿರುತ್ತಿದ್ದರು, ಮತ್ತು ಅವರ ಕೈಚೀಲದಲ್ಲಿ ಬೈಬಲಿನ ಪಕ್ಕ ಒದ್ದೆ ಕರವಸ್ತ್ರದಲ್ಲಿ ಸುತ್ತಿದ ಒಂದೆರಡು ಕಡ್ಡಿಗಳು ಯಾವಾಗಲೂ ಇರುತ್ತಿದ್ದವು. ಬೈಬಲಿನ ರಟ್ಟಿನ ಒಂದು ಮೂಲೆ ಆ ತೇವಕ್ಕೇ ಉಬ್ಬಿಕೊಂಡಿತ್ತು. ಯಾರ ಮಗಳಿಗೆ ಪರೀಕ್ಷೆ, ಯಾರಿಗೆ ಮಂಡಿನೋವು ಎಂಬುದನ್ನು ವಿಚಾರಿಸುವುದೂ ಕಡ್ಡಿಯನ್ನು ಕೈ ದಾಟಿಸುವುದೂ ಅವರಿಗೆ ಒಂದೇ ಕೆಲಸವಾಗಿತ್ತು.

ಹಾಗಾಗಿ ನಾನು ಬರೆಯುವುದನ್ನು ಬಿಟ್ಟು, ಸಭೆಯ ಹಿರಿಯರನ್ನು ಇಬ್ಬಿಬ್ಬರಾಗಿ ತೋಟಕ್ಕೆ ಕರೆದುಕೊಂಡು ಹೋದೆ. ಕೋಣೆಯಲ್ಲಿ ಕೂರಿಸಿ ‘ಅಜ್ಜಿಯ ಬಗ್ಗೆ ಹೇಳಿ’ ಎಂದಾಗ ‘ಬಹಳ ಒಳ್ಳೆಯವರು’ ಎಂಬುದಕ್ಕಿಂತ ಹೆಚ್ಚು ಹೊರಡುತ್ತಿರಲಿಲ್ಲ. ಗಿಡದ ಮುಂದೆ ನಿಲ್ಲಿಸಿದಾಗ ಮಾತು ತಾನಾಗಿ ಬಂತು. ಗಂಡನನ್ನು ಕಳೆದುಕೊಂಡ ವರ್ಷ ಚರ್ಚಿಗೆ ಬರುವುದನ್ನೇ ನಿಲ್ಲಿಸಿದ್ದ ಒಬ್ಬರ ಮನೆಗೆ ಅಜ್ಜಿ ‘ನಿಮ್ಮ ಲಿಲ್ಲಿ ಗೆಡ್ಡೆ ಬೇಕಾಗಿದೆ’ ಎಂಬ ನೆಪ ಹೇಳಿಕೊಂಡು ನಾಲ್ಕು ಸಲ ಹೋಗಿದ್ದರಂತೆ. ಆ ಲಿಲ್ಲಿ ನಮ್ಮಲ್ಲಿ ಮೊದಲೇ ಬೇಕಾದಷ್ಟಿತ್ತು.

ಆರಾಧನೆಯ ದಿನ ಗಿಡಗಳ ಹೆಸರುಗಳನ್ನೇ ಒಂದೊಂದಾಗಿ ಓದಿ, ಪ್ರತಿಯೊಂದರ ಹಿಂದಿನ ಸಂಗತಿಯನ್ನು ಎರಡು ವಾಕ್ಯಗಳಲ್ಲಿ ಹೇಳಿದೆ. ತಮ್ಮ ಹೆಸರು ಬಂದಾಗ ಜನ ನಕ್ಕರು.

ಬಂದವರಿಗೆಲ್ಲ ಒಂದೊಂದು ಗುಲಾಬಿ ಸಸಿ ಕೊಡಬೇಕೆಂಬ ನನ್ನ ಯೋಜನೆ ಮಾತ್ರ ಆ ದಿನಕ್ಕೆ ಕೈಗೂಡಲಿಲ್ಲ. ಹೂ ಬಿಟ್ಟು ಮುಗಿದ, ಪೆನ್ಸಿಲ್ ದಪ್ಪದ ಕೊಂಬೆಗಳನ್ನು ಆರಿಸಿ, 15ರಿಂದ 20 ಸೆಂ.ಮೀ. ಉದ್ದಕ್ಕೆ ಗಿಣ್ಣಿನ ಕೆಳಗೆ ಕತ್ತರಿಸಿ, ಮೇಲಿನ ಎರಡು ಎಲೆಗಳನ್ನಷ್ಟೇ ಉಳಿಸಿ, ಮೂರರಲ್ಲಿ ಎರಡು ಭಾಗವನ್ನು ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟಿದ್ದೆ. ಇಲ್ಲಿಯವರೆಗೆ ಅಜ್ಜಿ ಮಾಡುತ್ತಿದ್ದ ಹಾಗೆಯೇ. ಆದರೆ ದುಃಖದಲ್ಲಿದ್ದವನಿಗೆ ಕೈಗೆ ಏನಾದರೂ ಕೆಲಸ ಬೇಕಿತ್ತೋ ಏನೋ, ಬೆಳಿಗ್ಗೆ ಸಂಜೆ ಎರಡೂ ಹೊತ್ತು ನೀರು ಹಾಕಿದೆ. ಇಪ್ಪತ್ತರಲ್ಲಿ ಹದಿನಾಲ್ಕು ಕಡ್ಡಿಗಳು ಬುಡದಿಂದ ಕಪ್ಪಾಗಿ ಕೊಳೆತವು. ಉಳಿದವುಗಳಲ್ಲಿ ಚಿಗುರು ಕಂಡಾಗ ಸಂಭ್ರಮಿಸಿ ಒಂದನ್ನು ಕಿತ್ತು ನೋಡಿದರೆ ಬೇರೇ ಇರಲಿಲ್ಲ. ಕಡ್ಡಿಯಲ್ಲಿ ಕೂಡಿಟ್ಟ ಆಹಾರದಿಂದಲೇ ಮೊದಲ ಎಲೆಗಳು ಬರಬಹುದೆಂಬುದನ್ನು ಅಜ್ಜಿ ‘ಎಲೆ ನೋಡಿ ಮೋಸ ಹೋಗಬೇಡ’ ಎಂದು ಹೇಳುತ್ತಿದ್ದರು. ನಾನು ಅದನ್ನು ಮನುಷ್ಯರ ಬಗ್ಗೆ ಹೇಳಿದ ಮಾತೆಂದು ತಿಳಿದಿದ್ದೆ.

ಎರಡನೆಯ ಸಲ ತೂತು ಮುಚ್ಚಿರದ ಕುಂಡಗಳನ್ನು ನೋಡಿ ಆರಿಸಿದೆ, ನೆರಳಿನಲ್ಲಿಟ್ಟೆ, ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ತೋರಿದಾಗ ಮಾತ್ರ ನೀರು ಕೊಟ್ಟೆ. ಸುಮಾರು ಎಂಟು ವಾರಗಳ ನಂತರ ಕಡ್ಡಿಯನ್ನು ಮೆಲ್ಲಗೆ ಎಳೆದಾಗ ಅದು ಮಣ್ಣನ್ನು ಹಿಡಿದುಕೊಂಡಿತು. ಆಗ ಹಂಚಲು ಆರಂಭಿಸಿದೆ, ಅಜ್ಜಿ ನಿಲ್ಲುತ್ತಿದ್ದ ಬಾಗಿಲಲ್ಲಿಯೇ. ನಾನು ಅವರಷ್ಟು ಮಾತುಗಾರನಲ್ಲ. ಆದರೂ ಕೈಯಲ್ಲಿ ಗಿಡವಿದ್ದರೆ ಜನರೇ ಬಂದು ಮಾತನಾಡಿಸುತ್ತಾರೆ.

ಒಂದು ತೊಡಕನ್ನು ನಾನು ಮುಂಚೆ ಊಹಿಸಿರಲಿಲ್ಲ. ಕೊಟ್ಟವರ ಹೆಸರಿನಿಂದ ಕರೆಯುವುದು ರೂಢಿಯಾದ್ದರಿಂದ, ಹೊಸ ಮನೆಗಳಲ್ಲಿ ಅದು ‘ಅಜ್ಜಿ ಗುಲಾಬಿ’ ಆಗಿ ಟೀಚರ ಹೆಸರು ಅಳಿಸಿಹೋಗತೊಡಗಿತು. ಅಜ್ಜಿ ಇದನ್ನು ಒಪ್ಪುತ್ತಿರಲಿಲ್ಲ. ಈಗ ಪ್ರತಿ ಕುಂಡಕ್ಕೂ ಚಿಕ್ಕ ಪಟ್ಟಿಯೊಂದನ್ನು ಚುಚ್ಚಿ, ಮೇಲೆ ಟೀಚರ ಹೆಸರನ್ನೂ ಕೆಳಗೆ ಅಜ್ಜಿಯ ಹೆಸರನ್ನೂ ಪೆನ್ಸಿಲಿನಲ್ಲಿ ಬರೆಯುತ್ತೇನೆ, ಏಕೆಂದರೆ ಪೆನ್ನಿನ ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ. ಕೆಳಗೆ ಸ್ವಲ್ಪ ಜಾಗವನ್ನೂ ಬಿಡುತ್ತೇನೆ.