ಸೆಕೆಯ ಊರಲ್ಲಿ ಸ್ವಿಂಗ್ ಡ್ಯಾನ್ಸ್: ಬಟ್ಟೆ, ಶೂ ಆರಿಸಿದ ನನ್ನ ಅನುಭವ

ಸ್ವಿಂಗ್ ಡ್ಯಾನ್ಸ್ ಅಂದರೆ ಜಾಜ್ ಸಂಗೀತಕ್ಕೆ ಜೋಡಿಯಾಗಿ ಕುಣಿಯುವ ಕುಣಿತ. ಅದಕ್ಕೆ ಯಾವ ಶೂ ತೆಗೆದುಕೊಳ್ಳಲಿ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ನೀವು ಕುಣಿಯುವ ನೆಲ ಯಾವುದು? ಮರದ್ದಾ, ಟೈಲ್ಸಾ, ಕಾವಿ ನೆಲವಾ, ತಾರಸಿಯ ಸಿಮೆಂಟಾ? ನೆಲ ಯಾವುದೆಂದು ಗೊತ್ತಾಗದೆ ಶೂ ಆರಿಸಲು ಬರುವುದಿಲ್ಲ. ಬಟ್ಟೆಯ ವಿಷಯದಲ್ಲಿ ನೆಲದ ಬದಲು ಸೆಕೆ. ಮಂಗಳೂರಿನಲ್ಲಿ ಕುಣಿಯುವವರು ಈ ಎರಡನ್ನು ಬಿಟ್ಟು ಬೇರೆ ಊರಿನವರ ಸಲಹೆ ಕೇಳಿ ದುಡ್ಡು ಹಾಕಬೇಡಿ.

ಸ್ವಿಂಗ್‌ನ ಒಂದು ಬಗೆಯಾದ ಲಿಂಡಿ ಹಾಪ್ ಹುಟ್ಟಿದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಅಲ್ಲಿನ ಕಪ್ಪು ಜನರು ಕಟ್ಟಿ ಬೆಳೆಸಿದ ಕುಣಿತ ಅದು. 1926ರಲ್ಲಿ ತೆರೆದು 1958ರಲ್ಲಿ ಮುಚ್ಚಿದ ಸವಾಯ್ ಬಾಲ್‌ರೂಮ್ ಅದರ ತವರು. ಫ್ರಾಂಕಿ ಮ್ಯಾನಿಂಗ್, ನಾರ್ಮಾ ಮಿಲ್ಲರ್ ಕುಣಿದ ಆ ಹಾಲ್‌ನಲ್ಲಿ ಇದ್ದದ್ದು ಮರದ ನೆಲ. ಕಾಲಿಟ್ಟರೆ ತುಸು ಕುಗ್ಗಿ ಮೇಲೇಳುವಂಥದ್ದು. ಪೆಟ್ಟಿನ ಒಂದು ಪಾಲನ್ನು ನೆಲವೇ ನುಂಗುತ್ತಿತ್ತು. ನಮ್ಮಲ್ಲಿ ಹಾಗಲ್ಲ. ಕದ್ರಿಗೆ ಹೋಗಿ, ಬಿಜೈಗೆ ಹೋಗಿ, ಬಾಡಿಗೆಗೆ ಸಿಗುವ ಹಾಲ್‌ಗಳಲ್ಲಿ ಹೆಚ್ಚಾಗಿ ಇರುವುದು ಕಾಂಕ್ರೀಟಿನ ಮೇಲೆ ಹಾಸಿದ ಟೈಲ್ಸ್. ಪೆಟ್ಟೆಲ್ಲ ನೇರ ಹಿಮ್ಮಡಿಗೆ, ಮಂಡಿಗೆ, ಸೊಂಟಕ್ಕೆ. ಅದಕ್ಕೇ ಹೊರದೇಶದವರು ಹೊಗಳುವ ತೆಳು ತೊಗಲಿನ ಅಟ್ಟೆಯ ಶೂ ಇಲ್ಲಿ ಹಾಕಬೇಕಾದರೆ ಒಳಗೆ ಮೆತ್ತನೆಯ ಇನ್‌ಸೋಲ್ ಇರಲೇಬೇಕು.

ನಾನು ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತವಳು. ಕುಣಿಯುವುದೆಂದರೆ ಬರಿಗಾಲು ಎಂದೇ ನನಗೆ ರೂಢಿ. ಆದರೆ ಸ್ವಿಂಗ್‌ಗೆ ಬರಿಗಾಲು ಒಗ್ಗುವುದಿಲ್ಲ. ಬೆವರಿದ ಪಾದ ಟೈಲ್ಸಿಗೆ ಅಂಟಿಕೊಳ್ಳುತ್ತದೆ. ತಿರುಗುವಾಗ ಚರ್ಮ ಉಜ್ಜಿ ಬೊಕ್ಕೆ ಏಳುತ್ತದೆ. ಮೇಲಿಂದ ಜೊತೆಗಾರರ ಶೂ ಕಾಲ್ಬೆರಳ ಮೇಲೆ ಬಿದ್ದರೆ ಆ ವಾರದ ಕುಣಿತ ಅಲ್ಲಿಗೆ ಮುಗಿಯಿತು. ಚಪ್ಪಲಿಯೂ ಬೇಡ. ಹಿಮ್ಮಡಿಯನ್ನು ಹಿಡಿದುಕೊಳ್ಳದ ಯಾವುದೂ ಬೇಡ.

ಶೂ ಬಗ್ಗೆ ನನಗೆ ಸರಿಯಾಗಿ ಹೇಳಿಕೊಟ್ಟವರು ನಮ್ಮ ಪಕ್ಕದ ಮನೆಯ ಅಂಕಲ್. ಮಂಗಳೂರಿನ ಕ್ರೈಸ್ತರ ಮದುವೆಗಳಲ್ಲಿ ಬ್ಯಾಂಡ್ ಜೋರಾದರೆ ಜೈವ್ ಶುರುವಾಗುತ್ತದೆ ಅಲ್ವಾ, ಆ ಜೈವ್ ಕೂಡ ಲಿಂಡಿ ಹಾಪ್ ವಂಶದ್ದೇ. ಅಂಕಲ್ ವರ್ಷಾನುಗಟ್ಟಲೆ ಮದುವೆ ಹಾಲ್‌ಗಳಲ್ಲಿ ಜೈವ್ ಮಾಡಿದವರು. ತೊಗಲಿನ ಅಟ್ಟೆಯ ಒಂದು ಜೋಡಿಯನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದಾರೆ, ರಸ್ತೆಗೆ ಇಳಿಸುವುದೇ ಇಲ್ಲ. "ಒಂದು ಕಾಲಲ್ಲಿ ನಿಂತು ತಿರುಗಿ ನೋಡು ಮಗಾ" ಎಂದರು. "ಶೂ ತಿರುಗಿದರೆ ಸರಿ. ಶೂ ಅಲ್ಲೇ ನಿಂತು ಮಂಡಿ ಮಾತ್ರ ತಿರುಗಿದರೆ ಅದು ಬೇಡ."

ಇದು ನಿಜಕ್ಕೂ ದೊಡ್ಡ ವಿಷಯ. ಮಂಡಿ ಮಡಚಲು, ಬಿಡಿಸಲು ಇರುವ ಕೀಲು. ತಿರುಚಲು ಅದಕ್ಕೆ ಹೆಚ್ಚು ಅವಕಾಶ ಇಲ್ಲ. ಸ್ವಿಂಗ್ ಔಟ್ ಎಂಬ ಲಿಂಡಿ ಹಾಪ್‌ನ ಮುಖ್ಯ ವರಸೆಯಲ್ಲಿ ಎಂಟು ಎಣಿಕೆಯೊಳಗೆ ಇಡೀ ಮೈ ಸುತ್ತು ತಿರುಗುತ್ತದೆ. ಓಡುವ ಶೂ, ಅಂದರೆ ಜಾಗಿಂಗಿಗೆ ಮಾಡಿದ ಸ್ಪೋರ್ಟ್ಸ್ ಶೂ, ಜಾರದೆ ಇರಲಿ ಎಂದೇ ಮಾಡಿದ್ದು. ಅದು ಟೈಲ್ಸನ್ನು ಗಟ್ಟಿಯಾಗಿ ಹಿಡಿದುಕೊಂಡರೆ ತಿರುಚಾಟವೆಲ್ಲ ಮಂಡಿಗೆ ಹೋಗುತ್ತದೆ. ಹಾಗಂತ ತೀರಾ ಜಾರುವುದೂ ಅಪಾಯ. ಹೊಸ ತೊಗಲಿನ ಅಟ್ಟೆ ಹೊಳೆಯುವ ಕಾವಿ ನೆಲದ ಮೇಲೆ ಎಣ್ಣೆ ಸವರಿದಂತೆ ಓಡುತ್ತದೆ. ಬೇಕಾದದ್ದು ನಡುವಿನದು. ತಳ್ಳಿದರೆ ಜಾರಬೇಕು, ನಿಲ್ಲಿಸಿದರೆ ನಿಲ್ಲಬೇಕು.

ಆ ನಡುವಿನದು ನನಗೆ ಸಿಕ್ಕಿದ್ದು ಶಾಲೆಯ ಪಿಟಿಗೆ ಮಕ್ಕಳು ಹಾಕುವ ಬಿಳಿ ಕ್ಯಾನ್ವಾಸ್ ಶೂನಲ್ಲಿ. ಹಗುರ, ಗಾಳಿಯಾಡುತ್ತದೆ, ಅಟ್ಟೆ ಚಪ್ಪಟೆ, ಬೆಲೆ ಕಡಿಮೆ. ಅದರ ರಬ್ಬರಿನ ಮೇಲೆ ಸ್ವೀಡ್ ಅಂಟಿಸಿಕೊಂಡೆ. ಸ್ವೀಡ್ ಅಂದರೆ ತೊಗಲಿನ ಒಳಮೈಯ ನವಿರು ರೋಮದಂಥ ಭಾಗ. ಹಂಪನಕಟ್ಟೆಯ ಬಳಿ ಚಪ್ಪಲಿ ರಿಪೇರಿ ಮಾಡುವವರ ಹತ್ತಿರ ಹೋದಾಗ ಅವರಿಗೆ ಆಶ್ಚರ್ಯ. "ಅಕ್ಕ, ಇದು ಮಳೆಗೆ ನಿಲ್ಲುವುದಿಲ್ಲ" ಎಂದರು. "ಮಳೆಗೆ ಹಾಕುವುದಿಲ್ಲ, ಕುಣಿಯಲಿಕ್ಕೆ" ಎಂದೆ. ಆಮೇಲೆ ಅವರೇ ಆಸಕ್ತಿಯಿಂದ ಮಾಡಿಕೊಟ್ಟರು.

ಅವರು ಮಾಡಿದ ಕ್ರಮ ಹೇಳುತ್ತೇನೆ, ನೀವೂ ಹೀಗೇ ಮಾಡಿಸಿ. ಮೊದಲು ರಬ್ಬರಿನ ಗೀರುಗಳನ್ನು ಮರಳು ಕಾಗದದಿಂದ ಉಜ್ಜಿ ಒರಟು ಮಾಡಿದರು. ಧೂಳನ್ನೆಲ್ಲ ಒರೆಸಿದರು. ಸ್ವೀಡಿನ ನುಣುಪು ಬದಿಗೂ ರಬ್ಬರಿಗೂ ಸೊಲ್ಯೂಷನ್ ಹಚ್ಚಿ ಸುಮ್ಮನೆ ಬಿಟ್ಟರು. ಬೆರಳಿಟ್ಟರೆ ಅಂಟದಷ್ಟು ಒಣಗಿದ ಮೇಲೆ ಎರಡನ್ನೂ ಕೂಡಿಸಿ ಸುತ್ತಿಗೆಯಿಂದ ಬಡಿದರು. ಅಂಚನ್ನು ಕತ್ತಿಯಿಂದ ಸವರಿದರು. ರಾತ್ರಿಯಿಡೀ ಭಾರದ ಕೆಳಗೆ ಇಡಿ ಎಂದರು, ನಾನು ರುಬ್ಬುಗುಂಡಿನ ಕೆಳಗೆ ಇಟ್ಟೆ. ಸ್ವೀಡನ್ನು ಮುಂಭಾಗಕ್ಕೆ ಮಾತ್ರ ಹಾಕಿಸಿದ್ದೇನೆ, ಹಿಮ್ಮಡಿಯಲ್ಲಿ ರಬ್ಬರ್ ಹಾಗೇ ಇದೆ. ತಿರುಗುವುದು ಮುಂಗಾಲಿನಲ್ಲಿ, ನಿಲ್ಲುವುದಕ್ಕೆ ಹಿಮ್ಮಡಿ ಬ್ರೇಕ್. ಟೈಲ್ಸಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ತಾರಸಿಯ ಸಿಮೆಂಟಿಗೆ ಮಾತ್ರ ಇದು ಬೇಡ. ಒರಟು ಸಿಮೆಂಟು ಸ್ವೀಡನ್ನು ತಿಂದು ಹಾಕುತ್ತದೆ. ಅಲ್ಲಿಗೆ ಸವೆದು ನುಣುಪಾದ ಹಳೆ ಕ್ಯಾನ್ವಾಸ್ ಶೂ ಸಾಕು. ಒಂದೇ ಜಾಗದಲ್ಲಿ ಗಿರ್ರನೆ ತಿರುಗುವ ಬದಲು ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಸುತ್ತು ಬನ್ನಿ. ನೆಲಕ್ಕೆ ಪೌಡರ್ ಉದುರಿಸುವವರೂ ಇದ್ದಾರೆ. ದಯವಿಟ್ಟು ಬೇಡ ಮಾರಾಯ್ರೆ. ನಿಮಗೆ ಜಾರಲು ಸುಲಭವಾಗಬಹುದು, ಪಕ್ಕದಲ್ಲಿ ಕುಣಿಯುವವರು ಬೀಳುತ್ತಾರೆ.

ಶೂ ಕೊಳ್ಳಲು ಸಂಜೆ ಹೋಗಿ. ಹಗಲಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಕುಣಿಯುವಾಗಲೂ ಹಾಗೇ. ಬೆರಳಾಡಿಸಲು ಜಾಗ ಇರಬೇಕು, ಹಿಮ್ಮಡಿ ಮಾತ್ರ ಏಳಬಾರದು. ಕಾಲುಚೀಲ ಪೂರಾ ಹತ್ತಿಯದ್ದಾದರೆ ಬೆವರು ಕುಡಿದು ಒದ್ದೆಯಾಗಿಯೇ ಇರುತ್ತದೆ, ಬೊಕ್ಕೆ ಏಳುವುದು ಅದರಿಂದಲೇ ಜಾಸ್ತಿ. ಆಟಗಾರರು ಹಾಕುವ ತೆಳು ಮಿಶ್ರ ನೂಲಿನದ್ದು ಮೇಲು. ಹೈ ಹೀಲ್ಸ್ ಬೇಕೇ ಬೇಕು ಎನ್ನುವವರು ಅಗಲ ಹಿಮ್ಮಡಿಯ, ಒಂದೂವರೆ ಇಂಚಿನೊಳಗಿನದನ್ನು ನೋಡಿ. ನನಗಂತೂ ಚಪ್ಪಟೆಯೇ ಇಷ್ಟ.

ಇನ್ನು ಬಟ್ಟೆ. ಮೇ ತಿಂಗಳಲ್ಲಿ ನಮ್ಮ ಊರಲ್ಲಿ ಫ್ಯಾನ್ ಕೆಳಗೆ ಕೂತರೂ ಬೆವರು ಇಳಿಯುತ್ತದೆ. ನಿಮಿಷಕ್ಕೆ 180 ತಾಳದ ಹಾಡಿಗೆ ಕುಣಿದರೆ ಹೇಗಿರುತ್ತದೆ, ಯೋಚಿಸಿ. ಗಾಳಿಯಲ್ಲೇ ತೇವ ಇರುವುದರಿಂದ ಬೆವರು ಆರುವುದೇ ಇಲ್ಲ. ಹಾಗಾಗಿ ಬಟ್ಟೆ ತೆಳುವಾಗಿರಬೇಕು, ಮೈಗೆ ಅಂಟದಷ್ಟು ಸಡಿಲವಾಗಿರಬೇಕು. ಜೀನ್ಸ್ ನಾನು ಹಾಕುವುದಿಲ್ಲ. ಸ್ವಿಂಗ್‌ನಲ್ಲಿ ಮಂಡಿ ಸದಾ ಸ್ವಲ್ಪ ಬಗ್ಗಿರುತ್ತದೆ, ಒದ್ದೆಯಾದ ಜೀನ್ಸ್ ಅಲ್ಲೇ ಹಿಡಿಯುತ್ತದೆ. ಮಳೆಗಾಲದಲ್ಲಿ ಒಗೆದರೆ ಒಣಗುವುದಂತೂ ದೇವರೇ ಗತಿ.

ನನ್ನ ಅಚ್ಚುಮೆಚ್ಚಿನ ಸ್ಕರ್ಟ್ ಅಮ್ಮನ ಹಳೆಯ ಉಡುಪಿ ಕೈಮಗ್ಗದ ಸೀರೆಯಿಂದ ಹೊಲಿದದ್ದು. ಒಗೆದು ಒಗೆದು ಮೆತ್ತಗಾದ ಹತ್ತಿ, ಬೇಗ ಒಣಗುತ್ತದೆ. ಪೂರ್ತಿ ವೃತ್ತದ ಸ್ಕರ್ಟ್ ತಿರುಗುವಾಗ ತೀರಾ ಮೇಲೇಳುತ್ತದೆ, ಅದಕ್ಕೆ ಅರ್ಧ ವೃತ್ತ. ಲೆಕ್ಕ ಸುಲಭ. ಸೊಂಟದ ಅಳತೆಯನ್ನು 3.14ರಿಂದ ಭಾಗಿಸಿದರೆ ಮೇಲಿನ ಕತ್ತರಿಯ ತ್ರಿಜ್ಯ ಸಿಗುತ್ತದೆ. ಸೊಂಟ 30 ಇಂಚಾದರೆ ಹತ್ತಿರ ಹತ್ತಿರ ಒಂಬತ್ತೂವರೆ. ಅದಕ್ಕೆ 27 ಇಂಚು ಉದ್ದ ಸೇರಿಸಿದರೂ ಸೀರೆಯ ಪನ್ನದೊಳಗೆ ಬರುತ್ತದೆ, ಜೋಡಣೆಯೇ ಬೇಡ. ಒಳಗೆ ಸೈಕ್ಲಿಂಗ್ ಶಾರ್ಟ್ಸ್. ಉಳಿದ ಬಟ್ಟೆಯಲ್ಲಿ ಕಂಕುಳಿಗೆ ಚೌಕ ತುಂಡು ಕೊಟ್ಟು ಕುಪ್ಪಸ ಹೊಲಿಸಿದೆ. ಆ ತುಂಡು ಇದ್ದರೆ ಕೈ ಮೇಲೆತ್ತಿದಾಗ ಇಡೀ ಕುಪ್ಪಸ ಮೇಲೆ ಬರುವುದಿಲ್ಲ. ಗಂಡಸರ ಅಂಗಿಗೂ ಇದನ್ನು ಮಾಡಿಸಿಕೊಳ್ಳಬಹುದು.

ಇದು ಜೋಡಿ ಕುಣಿತ, ಹಾಗಾಗಿ ನಮ್ಮ ಬಟ್ಟೆ ಜೊತೆಗಾರರ ಕೈಗೂ ಹಿತವಾಗಿರಬೇಕು. ಬೆನ್ನಿಗೆ ಕೈ ಇಡುವಲ್ಲಿ ಸ್ಯಾಟಿನ್ ಇದ್ದರೆ ಕೈ ಜಾರುತ್ತದೆ, ಜರಿ ಇದ್ದರೆ ಗೀರುತ್ತದೆ. ತೋಳಿಲ್ಲದ ಅಂಗಿಗಿಂತ ಗಿಡ್ಡ ತೋಳಿನದ್ದು ವಾಸಿ. ದುಪಟ್ಟಾ ಬೇಡ. ಅಗಲ ಪಲಾಝೋ ಹಿಮ್ಮಡಿಗೆ ಸಿಕ್ಕಿಕೊಳ್ಳುತ್ತದೆ. ಬಳೆ, ವಾಚು, ಕಲ್ಲಿನ ಉಂಗುರ ಬಿಚ್ಚಿಡಿ. ಕರಿಮಣಿ ತೆಗೆಯಲು ಇಷ್ಟವಿಲ್ಲದವರು ಅದನ್ನು ಅಂಗಿಯೊಳಗೆ ಹಾಕಿ ಪಿನ್ ಮಾಡಿಕೊಳ್ಳಿ. ಸುತ್ತು ಬರುವಾಗ ಸರ ಹಾರಿ ಇನ್ನೊಬ್ಬರ ಬೆರಳಿಗೆ ಸಿಕ್ಕಿದರೆ ಕುತ್ತಿಗೆಗೇ ಎಳೆತ. ಕಾಲುಗೆಜ್ಜೆಗೂ ಇದೇ ಮಾತು. ಚೀಲದಲ್ಲಿ ಬೈರಾಸು, ಬದಲಿಗೆ ಇನ್ನೊಂದೆರಡು ಅಂಗಿ ಇರಲಿ. ನಡುವೆ ಬದಲಿಸಿಕೊಂಡು ಬರುವವರ ಜೊತೆ ಕುಣಿಯಲು ಎಲ್ಲರಿಗೂ ಖುಷಿ.

ಜೂನ್ ಬಂದರೆ ಶೂವಿನ ಆರೈಕೆ ಜಾಸ್ತಿ. ಸ್ವೀಡ್ ಒದ್ದೆಯಾದರೆ ಅದರ ನವಿರು ಕೂತು ಗಟ್ಟಿಯಾಗುತ್ತದೆ. ಹಾಲ್‌ಗೆ ಚಪ್ಪಲಿಯಲ್ಲಿ ಹೋಗಿ, ಒಳಗೆ ಶೂ ಹಾಕುತ್ತೇನೆ. ಮನೆಗೆ ಬಂದ ಮೇಲೆ ಒಳಗೆ ಪೇಪರ್ ತುರುಕಿ ಫ್ಯಾನ್ ಕೆಳಗೆ ಇಡುತ್ತೇನೆ. ಮುಚ್ಚಿದ ಕಪಾಟಿನಲ್ಲಿಟ್ಟರೆ ಬೇಗ ಬೂಷ್ಟು ಹಿಡಿಯುತ್ತದೆ. ಅಟ್ಟೆ ಹೊಳೆಯತೊಡಗಿದರೆ ತಂತಿ ಬ್ರಷ್‌ನಿಂದ ಒಂದೇ ದಿಕ್ಕಿಗೆ ಮೆಲ್ಲ ಕೆರೆದರೆ ನವಿರು ಮತ್ತೆ ಏಳುತ್ತದೆ. ಮೊದಲು ಸವೆಯುವುದು ಹೆಬ್ಬೆರಳಿನ ಬುಡದ ಕೆಳಗೆ. ನನ್ನದು ಬಲಗಾಲಿನದ್ದು ಬೇಗ ಹೋಗುತ್ತದೆ. ಆದರೂ ಹೊಸ ತುಂಡು ಹಾಕಿಸುವಾಗ ಎರಡಕ್ಕೂ ಒಟ್ಟಿಗೇ ಹಾಕಿಸುತ್ತೇನೆ. ಒಂದು ಕಾಲು ಜಾಸ್ತಿ ಜಾರಿ, ಇನ್ನೊಂದು ಹಿಡಿದರೆ ಹೆಜ್ಜೆ ತಪ್ಪುತ್ತದೆ.